ಲೋ ಆಗುತ್ತೆ ಅನ್ನೋ ಭಯಕ್ಕೆ ಶುಗರ್ ಏರಿಸ್ಕೊಂಡೇ ಡ್ಯೂಟಿ ಮಾಡೋದು

ಓದುಗರೊಬ್ಬರ ಪ್ರಶ್ನೆ (ಹೆಸರು, ಊರು ತೆಗ್ದು ಸ್ವಲ್ಪ ಚಿಕ್ಕದು ಮಾಡಿದೀನಿ):

"ನಮಸ್ತೆ ಡಾಕ್ಟ್ರೇ. ನಂಗೆ 34 ವರ್ಷ, ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್. 19ನೇ ವಯಸ್ಸಲ್ಲಿ ಟೈಪ್ ಒನ್ ಶುಗರ್ ಅಂತ ಗೊತ್ತಾಯ್ತು, ಅವತ್ತಿಂದ ಇನ್ಸುಲಿನ್ ಮೇಲೇ ಇದೀನಿ. ಎರಡನೇ ಮಗು ಆಗೋವರೆಗೂ ಮೂರು ತಿಂಗಳ ಶುಗರ್ (ಮೂರು ತಿಂಗಳ ಸರಾಸರಿ ತೋರ್ಸೋ HbA1c ಟೆಸ್ಟ್) 7.2 ಬರೋದು, ಈಗ 10.1. ಬಾಟ್ಲಿದು 30/70 ಇನ್ಸುಲಿನ್, ಬೆಳಗ್ಗೆ 24, ರಾತ್ರಿ 16. ಒಂದು ವಾರ ಫಸ್ಟ್ ಶಿಫ್ಟ್, 4.30ಕ್ಕೆ ಎದ್ದು ಇಂಜೆಕ್ಷನ್ ಹಾಕ್ಕೊಂಡು ಎರಡು ಬಿಸ್ಕೆಟ್ ತಿಂದು ಓಡ್ತೀನಿ, ತಿಂಡಿ 8.30ಕ್ಕೆ, ಊಟ ಮನೆಗೆ ಬಂದ್ಮೇಲೆ 2.30ಕ್ಕೆ. ಇನ್ನೊಂದು ವಾರ ಸೆಕೆಂಡ್ ಶಿಫ್ಟ್, 7 ಗಂಟೆಗೆ ಇಂಜೆಕ್ಷನ್, ಮನೆ ಸೇರೋದು ರಾತ್ರಿ 10.30. ಹೋದ ವರ್ಷ 12 ಗಂಟೆ ಟ್ರಿಪ್ಪಲ್ಲಿ ಶುಗರ್ ಲೋ ಆಗಿ ಚಿಲ್ಲರೆ ಎಣಿಸೋಕಾಗದೆ ನಿಂತ್ಬಿಟ್ಟೆ, ಕುಡಿದು ಬಂದಿದಾಳೆ ಅಂತ ಒಬ್ಬ ವಿಡಿಯೋ ತೆಗಿಯೋಕೆ ಬಂದ. ಅವತ್ತಿಂದ ಡ್ಯೂಟಿ ದಿನ 4-5 ಯೂನಿಟ್ ಕಮ್ಮಿ ಹಾಕ್ತೀನಿ, 250 ಇದ್ರೇನೇ ಧೈರ್ಯ. 120ಕ್ಕೆ ಬಂದ್ರೂ ಕೈ ನಡುಗುತ್ತೆ. ಅತ್ತೆ ಕೆಲ್ಸ ಬಿಡು ಅಂತಾರೆ. ಯಜಮಾನ್ರ ಕಡೆಯವರೊಬ್ರು ನಾಟಿ ಪುಡಿ ಕೊಡಿಸ್ತೀನಿ, ಆರು ತಿಂಗಳಲ್ಲಿ ಇಂಜೆಕ್ಷನ್ ಬಿಡಬಹುದು ಅಂತಿದಾರೆ. ಮುದ್ದೆ ಮಾತ್ರ ತಿನ್ನು ಅಂತಾರೆ ಕೆಲವರು. ಪಂಪ್ ಹಾಕಿಸ್ಕೊಳ್ಳಲಾ? ಹೋದ್ರೆ ಬೈತಾರೆ ಅಂತ ಎಂಟು ತಿಂಗಳಿಂದ ಡಾಕ್ಟ್ರ ಹತ್ರ ಹೋಗಿಲ್ಲ. ಮಕ್ಕಳಿಗೂ ಬರುತ್ತಾ? ಇನ್ನೊಂದು, ಕೇಳೋಕೆ ನಾಚ್ಕೆ, ಬಸ್ಸಲ್ಲಿ ಬಟ್ಟೆ ಮೇಲೇ ಚುಚ್ಕೋಬಹುದಾ?"

ಉತ್ತರ:

ಮೊದ್ಲು ಆ ಪುಡಿ ವಿಷ್ಯ ಮುಗಿಸಿಬಿಡೋಣ ಅಮ್ಮ, ಯಾಕಂದ್ರೆ ನಿಮ್ಮ ಪತ್ರದಲ್ಲಿ ನಂಗೆ ನಿಜವಾಗ್ಲೂ ಎದೆ ಝಲ್ ಅನ್ಸಿದ್ದು ಅದೊಂದೇ. 10.1 ಅಲ್ಲ. ಟೈಪ್ ಒನ್ ಅಂದ್ರೆ ಇನ್ಸುಲಿನ್ ತಯಾರು ಮಾಡೋ ಬೀಟಾ ಕಣಗಳನ್ನ ನಮ್ಮ ದೇಹದ ರಕ್ಷಣಾ ವ್ಯವಸ್ಥೆನೇ ಶತ್ರು ಅಂದ್ಕೊಂಡು ಹೊಡೆದು ಹಾಕಿರುತ್ತೆ, ಫ್ಯಾಕ್ಟರಿನೇ ಇಲ್ಲ. ಇಲ್ಲದ ಫ್ಯಾಕ್ಟರಿಗೆ ಯಾವ ಪುಡಿ ಕೊಟ್ಟು ಏನ್ ಪ್ರಯೋಜನ. ಆ ನೆಂಟರು ಸುಳ್ಳು ಹೇಳ್ತಿದಾರೆ ಅಂತಲ್ಲ, ಅವರು ನೋಡಿರೋದು ಟೈಪ್ ಟು ಇರೋರನ್ನ, ಅವರಿಗೆ ತೂಕ ಇಳಿಸಿ ಊಟ ಬದಲಾಯಿಸಿದ್ರೆ ಕೆಲವು ಸಲ ಇಂಜೆಕ್ಷನ್ ಬಿಡೋಕೂ ಆಗುತ್ತೆ, ಹೆಸರು ಪುಡಿಗೆ ಹೋಗುತ್ತೆ. ನಿಮ್ಮದು ಬೇರೆ ಕಾಯಿಲೆ. 1922ರ ಜನವರಿಲಿ ಟೊರಾಂಟೋದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ರು, ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ವರ್ಷ ಎರಡು ವರ್ಷ ಬದುಕಿದ್ರೆ ಹೆಚ್ಚು. ಇನ್ಸುಲಿನ್ ಪೂರ್ತಿ ನಿಲ್ಲಿಸಿದ್ರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಳ್ಳುತ್ತೆ, ವಾಂತಿ, ಹೊಟ್ಟೆನೋವು, ಏದುಸಿರು, ಆಮೇಲೆ ಐಸಿಯು. ಪುಡಿ ನಂಬಿ ಇನ್ಸುಲಿನ್ ಬಿಟ್ಟು ಬಂದೋರನ್ನ ನಾನು ಎಮರ್ಜೆನ್ಸಿಲಿ ನೋಡಿದೀನಿ, ಎಲ್ಲರೂ ವಾಪಸ್ ಮನೆಗೆ ಹೋಗಿಲ್ಲ. ಆ ನೆಂಟರು ಒತ್ತಾಯ ಮಾಡಿದ್ರೆ ಡಾಕ್ಟ್ರು ಬೇಡ ಅಂದ್ರು ಅಂತ ನನ್ನ ಮೇಲೇ ಹಾಕಿ.

ಈಗ ಅಸಲು ವಿಷ್ಯಕ್ಕೆ ಬರ್ತೀನಿ. ನೀವು ಪತ್ರದ ತುಂಬ ನನ್ನದೇ ತಪ್ಪು ಅನ್ನೋ ಥರ ಬರ್ದಿದೀರ, ನಂಗೆ ಹಾಗೆ ಕಾಣಲ್ಲ. ನಿಮ್ಮ ತೊಂದ್ರೆ ಶುಗರ್ ಜಾಸ್ತಿ ಆಗೋದಲ್ಲ, ಕಮ್ಮಿ ಆಗುತ್ತೆ ಅನ್ನೋ ಭಯ. ಆ ಭಯ ಸುಳ್ಳಲ್ಲ, ಅದಕ್ಕೆ ಕಾರಣ ನಿಮ್ಮ ಇಂಜೆಕ್ಷನ್ ಟೈಮ್‌ಟೇಬಲ್ ಒಳಗೇ ಇದೆ. ಅದನ್ನ ಸರಿ ಮಾಡದೆ ಯಾರಾದ್ರೂ ಡೋಸ್ ಏರಿಸಿ ಅಂದ್ರೆ ನೀವು ಏರಿಸಲ್ಲ, ಏರಿಸ್ಲೂಬಾರ್ದು.

ಲೆಕ್ಕ ನೋಡಿ. 30/70 ಅಂದ್ರೆ ಬಾಟ್ಲಿಲಿ ಎರಡು ಇನ್ಸುಲಿನ್ ಸೇರಿಸಿಟ್ಟಿರ್ತಾರೆ. ನೀವು ಹಾಕೋ 24ರಲ್ಲಿ ಸುಮಾರು 7 ಯೂನಿಟ್ ಬೇಗ ಕೆಲ್ಸ ಮಾಡೋದು, ಉಳಿದ 17 ನಿಧಾನದ್ದು. ಬೇಗದ್ದು ಹಾಕಿದ ಎರಡರಿಂದ ನಾಲ್ಕು ಗಂಟೆಲಿ ಜೋರಾಗಿರುತ್ತೆ, ನಿಧಾನದ್ದು ನಾಲ್ಕರಿಂದ ಎಂಟು ಗಂಟೆಲಿ. ಫಸ್ಟ್ ಶಿಫ್ಟ್ ದಿನ 4.30ಕ್ಕೆ ಹಾಕ್ತೀರ, ಹೊಟ್ಟೇಲಿ ಎರಡು ಬಿಸ್ಕೆಟ್, ಅಂದ್ರೆ 7ರಿಂದ 8.30ರವರೆಗೆ ಇನ್ಸುಲಿನ್ ಇದೆ ತಿಂಡಿ ಇಲ್ಲ. ಆಮೇಲೆ 17 ಯೂನಿಟ್‌ದು ಏರೋದು 8.30ರಿಂದ 12.30ರ ಮಧ್ಯೆ, ಊಟ 2.30ಕ್ಕೆ. ಅವತ್ತು 12 ಗಂಟೆ ಟ್ರಿಪ್ಪಲ್ಲಿ ಲೋ ಆಯ್ತು ಅಂದ್ರಲ್ಲ, ಆಗದೇ ಇದ್ರೇನೇ ಆಶ್ಚರ್ಯ. ಸೆಕೆಂಡ್ ಶಿಫ್ಟ್ ವಾರ ಇದರ ಉಲ್ಟಾ, ಬೆಳಗ್ಗೆ 7ಕ್ಕೆ ಹಾಕಿದ್ದು ಸಂಜೆ 7ರ ಹೊತ್ತಿಗೆ ಸೋತು ಸುಣ್ಣ ಆಗಿರುತ್ತೆ, ಮುಂದಿನದ್ದು ಮನೆಗೆ ಬಂದ್ಮೇಲೆ 10.30ಕ್ಕೆ, ಮಧ್ಯದಲ್ಲಿ ಬಸ್ಟ್ಯಾಂಡ್ ಟೀ, ಬೋಂಡ. ಆ ಮೂರು ಗಂಟೆಲಿ 300 ದಾಟೋದು ನಿಮ್ಮ ಶಿಸ್ತಿನ ಪ್ರಶ್ನೆ ಅಲ್ಲ. ಈ ಮಿಕ್ಸ್ ಇನ್ಸುಲಿನ್ ದಿನಾ ಒಂದೇ ಟೈಮಿಗೆ ಒಂದೇ ಅಳತೆ ತಿನ್ನೋರಿಗೆ ಹೊಂದುತ್ತೆ, ರಿಟೈರ್ ಆಗಿ ಮನೇಲಿರೋ ಮೇಷ್ಟ್ರಿಗೆ ಹೊಂದಬಹುದು. ವಾರಕ್ಕೊಂದು ಸಲ ಹಗಲು ರಾತ್ರಿ ಅದಲು ಬದಲಾಗೋ ನಿಮಗೆ ಹೊಂದಲ್ಲ.

120 ಇದ್ರೂ ಕೈ ನಡುಗುತ್ತೆ ಅಂದ್ರಲ್ಲ, ಅದೂ ಮನಸ್ಸಿನ ಭ್ರಮೆ ಅಲ್ಲ. ತಿಂಗಳುಗಟ್ಲೆ 250ರಲ್ಲಿದ್ರೆ ದೇಹ ಅದನ್ನೇ ನಾರ್ಮಲ್ ಅಂದ್ಕೊಳ್ಳುತ್ತೆ, 120ಕ್ಕೆ ಇಳಿದ ತಕ್ಷಣ ಗಂಟೆ ಬಾರಿಸುತ್ತೆ. ನಡುಕ ನಿಜ, ಅಪಾಯ ಇಲ್ಲ. ಅದಕ್ಕೇ ನಡುಗಿದ ತಕ್ಷಣ ಸಕ್ಕರೆ ಬಾಯಿಗೆ ಹಾಕ್ಕೊಳ್ಳೋ ಮುಂಚೆ ಒಂದು ಸಲ ಬೆರಳು ಚುಚ್ಚಿ ನೋಡೋಕೆ ಹೇಳೋದು. 70ಕ್ಕಿಂತ ಕಮ್ಮಿ ಇದ್ರೆ ಲೋ. ನೋಡೋಕೆ ಆಗ್ಲಿಲ್ಲ, ಬಸ್ ತುಂಬ ಜನ, ಆಗ ಯೋಚ್ನೆ ಮಾಡ್ದೆ ತಿಂದುಬಿಡಿ. ಶುಗರ್ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದ್ರೆ ಕೆಲವು ವಾರದಲ್ಲಿ ಈ ಸುಳ್ಳು ಗಂಟೆ ತಾನೇ ನಿಲ್ಲುತ್ತೆ. ಇದಕ್ಕೆ ಉಲ್ಟಾ ಇನ್ನೊಂದಿದೆ, ಅದು ನಿಜವಾಗ್ಲೂ ಕೆಟ್ಟದ್ದು: ಪದೇ ಪದೇ ಲೋ ಆಗೋರಿಗೆ 50ಕ್ಕೆ ಬಂದ್ರೂ ಏನೂ ಗೊತ್ತಾಗಲ್ಲ.

ಡಾಕ್ಟ್ರ ಹತ್ರ ಹೋಗೋ ಮುಂಚೆ ಮನೇಲೇ ಎರಡು ವಿಷ್ಯ ನೋಡ್ಕೊಳ್ಳಿ. ಒಂದು, ಹೊಟ್ಟೆ ಮೇಲೆ ಇಂಜೆಕ್ಷನ್ ಹಾಕೋ ಜಾಗ. ಸ್ನಾನ ಮಾಡುವಾಗ ಸೋಪಿನ ಕೈಲಿ ಹೊಕ್ಕಳ ಸುತ್ತ ನಿಧಾನಕ್ಕೆ ಸವರಿ. ಅಡಿಕೆ ಗಾತ್ರದ್ದೋ ನಿಂಬೆಹಣ್ಣಿನ ಗಾತ್ರದ್ದೋ ಮೆತ್ತಗಿನ ಗಂಟು ಸಿಗುತ್ತಾ? 15 ವರ್ಷದಿಂದ ಚುಚ್ಕೊಳ್ತಿರೋರಲ್ಲಿ ಬಹಳ ಜನಕ್ಕೆ ಸಿಗುತ್ತೆ, ಅಲ್ಲಿ ನೋವಾಗಲ್ಲ ಅಂತ ಅಲ್ಲೇ ಚುಚ್ತಾ ಹೋಗ್ತಾರೆ. ಆ ಗಂಟೊಳಗೆ ಹೋದ ಇನ್ಸುಲಿನ್ ಒಂದಿನ ಪೂರ್ತಿ ಕೆಲ್ಸ ಮಾಡುತ್ತೆ, ಒಂದಿನ ಅರ್ಧ, ಒಂದಿನ ಐದು ಗಂಟೆ ತಡವಾಗಿ. ಇವತ್ತು 90, ನಾಳೆ 340, ಅದೇ ಊಟ ಅದೇ ಡೋಸ್ ಅಂತ ತಲೆ ಕೆಟ್ಟು ಹೋಗೋದು ಇದಕ್ಕೇ. ಗಂಟು ಬಿಟ್ಟು ಬೇರೆ ಜಾಗಕ್ಕೆ ಹೋಗಿ, ಪ್ರತಿ ಸಲ ಒಂದು ಬೆರಳು ಅಗಲ ಜರುಗಿಸಿ, ತೊಡೆನೂ ಬಳಸಿ. ಆದ್ರೆ ಹುಷಾರು, ಹೊಸ ಜಾಗದಲ್ಲಿ ಅದೇ ಡೋಸ್ ಪೂರ್ತಿ ಒಳಗೆ ಹೋಗಿ ಲೋ ಆಗಬಹುದು, ಡೋಸ್ ಎಷ್ಟು ಕಮ್ಮಿ ಮಾಡ್ಬೇಕು ಅಂತ ಮೊದ್ಲು ಕೇಳಿ, ರಜಾ ದಿನದಿಂದ ಶುರು ಮಾಡಿ.

ಎರಡು, ಸಿರಿಂಜ್. ನಮ್ಮಲ್ಲಿ ಬಾಟ್ಲಿಲಿ ಬರೋ ಇನ್ಸುಲಿನ್ ಹೆಚ್ಚಿನದ್ದು ಒಂದು ಎಂಎಲ್‌ಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗ್ಬೇಕು. ಇನ್ಸುಲಿನ್ ಪೆನ್ (ಪೆನ್ನಿನ ಥರ ಇರೋ ಇಂಜೆಕ್ಷನ್) ಒಳಗಿನದ್ದು 100ರದ್ದು. ಮೆಡಿಕಲ್ ಶಾಪಲ್ಲಿ 40 ಇಲ್ಲ ಅಂತ 100ರ ಸಿರಿಂಜ್ ಕೊಟ್ರೆ, ಅದರಲ್ಲಿ 24ರ ಗೆರೆವರೆಗೆ ಎಳ್ದ್ರೆ ಒಳಗೆ ಹೋಗೋದು 10 ಯೂನಿಟ್ ಕೂಡ ಇಲ್ಲ. ಉಲ್ಟಾ ಆದ್ರೆ, ಅಂದ್ರೆ 100ರ ಇನ್ಸುಲಿನ್ನನ್ನ 40ರ ಸಿರಿಂಜಲ್ಲಿ ಎಳ್ದ್ರೆ, ಎರಡೂವರೆ ಪಟ್ಟು ಹೋಗುತ್ತೆ, ಅದು ಪ್ರಾಣಕ್ಕೇ ಸಂಚಕಾರ. ಬಾಟ್ಲಿನ ಅಲ್ಲಾಡಿಸದೆ ಅಂಗೈ ಮಧ್ಯೆ ಇಟ್ಟು ಹತ್ತಿಪ್ಪತ್ತು ಸಲ ಉರುಳಿಸಿ ಎಳ್ಕೊಳ್ತೀರ ತಾನೇ? ಉರುಳಿಸದಿದ್ರೆ ಮೇಲಿನ ತಿಳಿ ಒಂದಿನ, ಕೆಳಗಿನ ಗಟ್ಟಿ ಒಂದಿನ ಹೋಗುತ್ತೆ. ಬ್ಯಾಗನ್ನ ಬಾನೆಟ್ ಮೇಲೆ ಇಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಬಳಕೇಲಿರೋ ಇನ್ಸುಲಿನ್ 30 ಡಿಗ್ರಿ ಒಳಗೆ ಇದ್ರೆ ಸುಮಾರು ನಾಲ್ಕು ವಾರ ತಡಿಯುತ್ತೆ, ಎಂಜಿನ್ ಶಾಖಕ್ಕೆ ಒಂದೇ ಬೇಸಿಗೆ ಮಧ್ಯಾಹ್ನ ಸಾಕು ಹಾಳಾಗೋಕೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಲಿ, ನೀರು ಒಳಗೆ ಹೋಗದ ಹಾಗೆ ಇಡಿ.

ಮುದ್ದೆ ಬಗ್ಗೆ ಒಂದೇ ಮಾತು, ಯಾಕಂದ್ರೆ ಇದನ್ನ ದಿನಾ ಕೇಳ್ತಾರೆ. ನಂಗೂ ಮುದ್ದೆ ಇಷ್ಟ, ನಾರು ಇದೆ, ಕ್ಯಾಲ್ಸಿಯಂ ಇದೆ, ಎಲ್ಲ ಸರಿ. ಆದ್ರೆ 100 ಗ್ರಾಂ ಹಿಟ್ಟಿನ ಮುದ್ದೆಲಿ 70 ಗ್ರಾಂ ಹತ್ತಿರ ಪಿಷ್ಟ ಇರುತ್ತೆ, ಅದು ಆರು ಇಡ್ಲಿಗೆ ಸಮ. ಮುದ್ದೆ ಶುಗರ್ ಏರಿಸಲ್ಲ ಅನ್ನೋದು ಬರೀ ಮಾತು. ಸಕ್ಕರೆ ಬದಲು ಬೆಲ್ಲ ಹಾಕೋದೂ ಅಷ್ಟೇ. ಉಪವಾಸಕ್ಕೆ ಸಬ್ಬಕ್ಕಿ ಕಿಚಡಿ ತಿಂತಾರಲ್ಲ, ಅದಂತೂ ಬರೀ ಪಿಷ್ಟ. ಟೈಪ್ ಒನ್‌ನಲ್ಲಿ ಏನು ತಿಂದ್ರಿ ಅನ್ನೋದಕ್ಕಿಂತ ಎಷ್ಟು ತಿಂದ್ರಿ, ಅದಕ್ಕೆ ಎಷ್ಟು ಹಾಕಿದ್ರಿ ಅನ್ನೋದು ಮುಖ್ಯ. ಒಂದು ಇಡ್ಲಿಲಿ ಪಿಷ್ಟ 10-12 ಗ್ರಾಂ, ಚಪಾತಿ 15-20, ಚಿಕ್ಕ ಬಟ್ಟಲು ಅನ್ನ 28-30, ಇಷ್ಟು ಬಾಯಿಪಾಠ ಆದ್ರೆ ಮುಕ್ಕಾಲು ಊಟ ಅಳೀಬಹುದು. ಟಿಕೆಟ್ ಲೆಕ್ಕ ಹಾಕೋರಿಗೆ ಇದೇನು ದೊಡ್ಡದಲ್ಲ ಬಿಡಿ. ಇನ್ನೊಂದು, ಇದನ್ನ ಯಾವ ತಾಯಿನೂ ನಂಗೆ ತಾನಾಗೇ ಹೇಳಿಲ್ಲ, ನಾನೇ ಕೇಳಿ ಬಾಯಿ ಬಿಡಿಸಿದ್ದು: ಮಕ್ಕಳ ತಟ್ಟೇಲಿ ಉಳಿದ ಅರ್ಧ ದೋಸೆ, ಎರಡು ತುತ್ತು ಮೊಸರನ್ನ, ಬಿಸಾಕೋಕೆ ಮನಸ್ಸು ಬರ್ದೆ ನಿಂತಲ್ಲೇ ತಿನ್ನೋದು. ಅದೂ ಲೆಕ್ಕಕ್ಕೆ ಬರುತ್ತೆ.

ಈಗ ಏನು ಮಾಡಬಹುದು. ಹಣದ ಕಷ್ಟ ಇದ್ರೆ ಅದೇ 30/70 ಇಟ್ಕೊಂಡು ಹೊಂದಿಸ್ಬಹುದು, ಆದ್ರೆ ಊಟದ ಟೈಮನ್ನ ಇಂಜೆಕ್ಷನ್ನಿಗೆ ಕಟ್ಟಿಹಾಕ್ಬೇಕು, ಅಂದ್ರೆ ಹಾಕಿ ಅರ್ಧ ಗಂಟೆಗೆ ಸರಿಯಾದ ತಿಂಡಿ, 10.30-11ಕ್ಕೆ ಒಂದು ಹಿಡಿ ಏನಾದ್ರೂ, ತಪ್ಪೋ ಹಾಗಿಲ್ಲ. ನಿಮ್ಮ ಕೆಲ್ಸದಲ್ಲಿ ಕಷ್ಟ, ಅದ್ರಿಂದ ಇದನ್ನ ನಾನು ಕೊನೆಗೆ ಇಡ್ತೀನಿ.

ನಾನಾಗಿದ್ರೆ ಬೇಗದ್ದು, ನಿಧಾನದ್ದು ಎರಡನ್ನೂ ಬೇರೆ ಬೇರೆ ಮಾಡ್ತಿದ್ದೆ. ದಿನಕ್ಕೊಂದು ಸಲ ನಿಧಾನದ ಇನ್ಸುಲಿನ್, ಗ್ಲಾರ್ಜಿನ್ ಥರದ್ದು, ಅದು ಊಟ ಮಾಡಿದ್ರೂ ಬಿಟ್ರೂ ತನ್ನ ಪಾಡಿಗೆ 24 ಗಂಟೆ ಹತ್ತಿರ ಕೆಲ್ಸ ಮಾಡುತ್ತೆ. ಆಮೇಲೆ ತಿನ್ನುವಾಗ ಮಾತ್ರ ಬೇಗದ್ದು, ಪೆನ್ನಲ್ಲಿ. ಟ್ರಿಪ್ ಲೇಟಾಯ್ತು, ಊಟ ಮೂರಕ್ಕೆ ಹೋಯ್ತು? ಇಂಜೆಕ್ಷನ್ನೂ ಮೂರಕ್ಕೆ. ಇನ್ಸುಲಿನ್ ಹಿಂದೆ ನೀವು ಓಡೋದು ತಪ್ಪುತ್ತೆ, ಅದು ನಿಮ್ಮ ಹಿಂದೆ ಬರುತ್ತೆ. ನಿಧಾನದ್ದು ಆದಷ್ಟೂ ದಿನಾ ಒಂದೇ ಟೈಮಿಗೆ ಬೀಳ್ಬೇಕು, ಶಿಫ್ಟ್ ಬದಲಾದಾಗ್ಲೂ ಕೈಗೆ ಸಿಗೋ ಟೈಮ್ ಆರಿಸ್ಕೊಳ್ಳಿ. ಡೆಗ್ಲುಡೆಕ್ ಅಂತ ಇನ್ನೊಂದಿದೆ, ಎರಡು ಡೋಸ್ ಮಧ್ಯೆ ಕನಿಷ್ಠ 8 ಗಂಟೆ ಇದ್ರೆ ಹಿಂದೆ ಮುಂದೆ ಆದ್ರೂ ನಡಿಯುತ್ತೆ, ಶಿಫ್ಟ್‌ನೋರಿಗೆ ಚೆನ್ನಾಗಿ ಹೊಂದುತ್ತೆ, ದುಡ್ಡು ಜಾಸ್ತಿ.

ಅಂದಾಜು ಹೇಗೆ ಅಂದ್ರೆ, ದಿನಕ್ಕೆ ಒಟ್ಟು 40 ಯೂನಿಟ್ ಅಂತಿಟ್ಕೊಂಡ್ರೆ 500ನ್ನ 40ರಿಂದ ಭಾಗ್ಸಿ, 12.5 ಬರುತ್ತೆ, ಒಂದು ಯೂನಿಟ್ ಅಷ್ಟು ಗ್ರಾಂ ಪಿಷ್ಟಕ್ಕೆ ಸಾಕು. ಮೂರು ಇಡ್ಲಿಗೆ ಮೂರು ಯೂನಿಟ್ ಹತ್ತಿರ. 1800ನ್ನ 40ರಿಂದ ಭಾಗ್ಸಿದ್ರೆ 45, ಒಂದು ಯೂನಿಟ್ ಶುಗರನ್ನ ಅಷ್ಟು ಇಳಿಸುತ್ತೆ. ಇದು ಶುರು ಮಾಡೋ ಅಂದಾಜು ಅಷ್ಟೇ, ನಿಮ್ಮ ಡೋಸ್ ನಿಮ್ಮನ್ನ ಕೂರಿಸ್ಕೊಂಡು ನೋಡೋ ಡಾಕ್ಟ್ರೇ ಹಾಕ್ಬೇಕು, ದಯವಿಟ್ಟು ಇದನ್ನ ಓದಿ ನಾಳೆನೇ ಬದಲಾಯಿಸ್ಬೇಡಿ. ಇದರಲ್ಲೂ ಅಪಾಯ ಇದೆ: ದಿನಕ್ಕೆ ನಾಲ್ಕು ಚುಚ್ಚು, ನಾಲ್ಕು ಸಲ ಟೆಸ್ಟ್, ಮತ್ತೆ 300 ಇದೆ ಅಂತ ಗಾಬರಿ ಬಿದ್ದು ಗಂಟೆಗೊಂದು ಸಲ ಹಾಕ್ತಾ ಹೋದ್ರೆ ಎಲ್ಲ ಒಂದರ ಮೇಲೊಂದು ಕೂತು ನಾಲ್ಕು ಗಂಟೆ ಆದ್ಮೇಲೆ ಒಟ್ಟಿಗೆ ಕೆಡವುತ್ತೆ. ಒಂದು ಸಲ ಹಾಕಿದ್ರೆ ಮೂರು ನಾಲ್ಕು ಗಂಟೆ ಕಾಯ್ಬೇಕು.

ಪಂಪ್, ಅಂದ್ರೆ ಮೈಗೆ ಸಿಕ್ಕಿಸ್ಕೊಂಡು ಟ್ಯೂಬಲ್ಲಿ ದಿನವಿಡೀ ಇನ್ಸುಲಿನ್ ಬಿಡೋ ಮಷಿನ್, ಒಳ್ಳೇದೇ. ಆದ್ರೆ ಲಕ್ಷಗಳ ಮಾತು, ಮೇಲೆ ತಿಂಗಳ ಖರ್ಚು, ಒಳಗಿರೋದು ಬೇಗದ ಇನ್ಸುಲಿನ್ ಮಾತ್ರ ಆದ್ರಿಂದ ಟ್ಯೂಬ್ ಕಿತ್ಕೊಂಡ್ರೆ ಕೆಲವೇ ಗಂಟೆಲಿ ಕೀಟೋನ್ ಶುರು. ರಶ್ ಬಸ್ಸಲ್ಲಿ, ಅದೂ ಶಕ್ತಿ ಯೋಜನೆ ಬಂದ್ಮೇಲಿನ ರಶ್ಶಲ್ಲಿ, ಟ್ಯೂಬ್ ಸಿಕ್ಕಾಕ್ಕೊಳ್ಳೋದನ್ನ ಊಹಿಸ್ಕೊಳ್ಳಿ. ಆ ದುಡ್ಡಲ್ಲಿ ಒಂದು ಚೂರು ಖರ್ಚು ಮಾಡಿ ತೋಳಿಗೆ ಅಂಟಿಸೋ ಸೆನ್ಸಾರ್ ಹಾಕ್ಸಿ. 14 ದಿನ ಬರೋದು ಸಿಗುತ್ತೆ, ಹಗಲು ರಾತ್ರಿ ಶುಗರ್ ಗೆರೆ ಮೊಬೈಲಲ್ಲಿ ಕಾಣುತ್ತೆ. ಪ್ರತಿ ತಿಂಗಳು ಬೇಡ, ಒಂದು ಸಲ, ಎರಡೂ ಶಿಫ್ಟ್ ವಾರ ಬರೋ ಹಾಗೆ ನೋಡ್ಕೊಂಡು. ಅದೂ ಆಗಲ್ಲ ಅಂದ್ರೆ ಗ್ಲುಕೋಮೀಟರಲ್ಲೇ ಪ್ರತಿ ಶಿಫ್ಟ್‌ನಲ್ಲಿ ಮೂರು ದಿನ, ಊಟಕ್ಕೆ ಮುಂಚೆ, ಎರಡು ಗಂಟೆ ಆದ್ಮೇಲೆ, ಒಂದಿನ ರಾತ್ರಿ 3 ಗಂಟೆಗೆ ಎದ್ದು. ಇನ್ಸುಲಿನ್‌ಗೆ ಜನೌಷಧಿ ಕೇಂದ್ರದಲ್ಲಿ ಒಂದು ಸಲ ವಿಚಾರಿಸಿ.

10.1ನ್ನ ಒಂದೇ ಏಟಿಗೆ 7 ಮಾಡೋಕೆ ಹೋಗ್ಬೇಡಿ, ಇದನ್ನ ನಮ್ಮವರೂ ಕೆಲವು ಸಲ ಹೇಳೋದು ಮರೀತಾರೆ. ಬಹಳ ದಿನ ಏರಿದ್ದ ಶುಗರ್ ಸರ್ರಂತ ಇಳಿದ್ರೆ ಕಣ್ಣಿನ ಹಿಂದಿನ ಪರದೆಲಿ ಮೊದಲೇ ಇರೋ ತೊಂದ್ರೆ ಸ್ವಲ್ಪ ದಿನಕ್ಕೆ ಜಾಸ್ತಿ ಆಗಬಹುದು, ಕಾಲಲ್ಲಿ ಭಯಂಕರ ಉರಿ ಶುರುವಾಗ್ಬಹುದು. ಮೂರು ತಿಂಗಳಲ್ಲಿ 9, ಇನ್ನು ಮೂರು ತಿಂಗಳಲ್ಲಿ 8ರ ಹತ್ತಿರ, ಅಷ್ಟು ಸಾಕು. ಶುರು ಮಾಡೋ ಮುಂಚೆ ಕಣ್ಣಿಗೆ ಡ್ರಾಪ್ಸ್ ಹಾಕಿ ಪರದೆ ನೋಡಿಸಿ, ಮೂತ್ರದಲ್ಲಿ ಅಲ್ಬುಮಿನ್, ಥೈರಾಯ್ಡ್, ಹಿಮೋಗ್ಲೋಬಿನ್ ಮಾಡಿಸಿ. ಕಬ್ಬಿಣದಂಶ ಕಮ್ಮಿ ಇದ್ರೆ ಮೂರು ತಿಂಗಳ ಶುಗರ್ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ, ನಮ್ಮ ಹೆಣ್ಮಕ್ಕಳಲ್ಲಿ ಇದು ಮಾಮೂಲಿ. ಇಳಿಸೋದ್ರಿಂದ ಉಪಯೋಗ ಇದೆಯಾ ಅಂದ್ರೆ ಖಂಡಿತ ಇದೆ, ಅಮೆರಿಕ ಮತ್ತು ಕೆನಡಾದಲ್ಲಿ 1,441 ಟೈಪ್ ಒನ್ ಜನರ ಮೇಲೆ ಮಾಡಿ 1993ರಲ್ಲಿ ಮುಗಿಸಿದ ದೊಡ್ಡ ಅಧ್ಯಯನದಲ್ಲಿ ಬಿಗಿಯಾಗಿ ನೋಡ್ಕೊಂಡ ಗುಂಪಲ್ಲಿ ಹೊಸದಾಗಿ ಕಣ್ಣಿನ ತೊಂದ್ರೆ ಬರೋದು 76% ಕಮ್ಮಿ ಆಯ್ತು. ಅದೇ ಗುಂಪಲ್ಲಿ ಜೋರಾದ ಲೋ ಮೂರು ಪಟ್ಟು ಆಯ್ತು ಅನ್ನೋದೂ ಅಷ್ಟೇ ನಿಜ, ಹಾಗಾಗಿ ನಿಮ್ಮ ಭಯ ಅನ್ಯಾಯದ್ದು ಅಂತ ನಾನು ಹೇಳಲ್ಲ.

ಡ್ಯೂಟಿ ವಿಷ್ಯ. ಕೆಲ್ಸ ಬಿಡ್ಬೇಡಿ, ಸಂಬಳ ನಿಂತ್ರೆ ಮೊದ್ಲು ಕಟ್ ಆಗೋದು ನಿಮ್ಮ ಶುಗರ್ ನೋಡೋ ಸ್ಟ್ರಿಪ್ಪೇ. ಡಾಕ್ಟ್ರ ಲೆಟರ್ ತಗೊಂಡು ಡಿಪೋದಲ್ಲಿ ಮೂರು ತಿಂಗಳ ಮಟ್ಟಿಗೆ ಒಂದೇ ಶಿಫ್ಟ್ ಕೇಳಿ ನೋಡಿ, ಕೊಟ್ರೆ ಡೋಸ್ ಹೊಂದಿಸೋದು ಅರ್ಧ ಸುಲಭ. ಜೇಬಲ್ಲಿ ಗ್ಲುಕೋಸ್ ಪುಡಿ, ಟಿಕೆಟ್ ಮಷಿನ್ ಇರೋ ಬ್ಯಾಗಲ್ಲಿ ಇನ್ನೊಂದು. ಲೋ ಆದ್ರೆ ಮೂರು ಟೀ ಚಮಚ, ಅಂದ್ರೆ 15 ಗ್ರಾಂ ಹತ್ತಿರ, ನೀರಲ್ಲಿ ಕದಡಿ ಕುಡೀರಿ, 15 ನಿಮಿಷ ಆದ್ಮೇಲೆ ಮತ್ತೆ ನೋಡಿ. ಬಿಸ್ಕೆಟ್, ಚಾಕ್ಲೇಟ್ ಆಗ ಬೇಡ, ಕೊಬ್ಬು ಇರೋದ್ರಿಂದ ನಿಧಾನ, ಗಾಬರಿಲಿ ಒಂದು ಪ್ಯಾಕೆಟ್ ಖಾಲಿ ಮಾಡಿ ಮಧ್ಯಾಹ್ನ 350 ಆಗೋದು ಬೇರೆ. ಜೊತೇಲಿ ಬರೋ ಡ್ರೈವರ್‌ಗೆ ಹೇಳಿಡಿ: ನಾನು ತೊದಲಿದ್ರೆ, ಬೆವರಿದ್ರೆ ಗಾಡಿ ಸೈಡಿಗೆ ಹಾಕಿ ಸಕ್ಕರೆ ನೀರು ಕೊಡಿ, ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಒಂದು ಪಕ್ಕ ಮಲಗ್ಸಿ 108ಕ್ಕೆ ಫೋನ್ ಮಾಡಿ. ವಿಡಿಯೋ ತೆಗಿಯೋಕೆ ಬಂದವನಿಗೆ ಹೇಳೋಕೂ ಆಗ ಒಬ್ರು ಇರ್ತಾರೆ. ಮನೇಲಿ ಯಜಮಾನ್ರಿಗೂ ಅತ್ತೆಗೂ ಇದನ್ನೇ ಹೇಳಿಕೊಡಿ, ಕೆಲ್ಸ ಬಿಡು ಅನ್ನೋರು ಬಹಳ ಸಲ ಏನು ಮಾಡ್ಬೇಕು ಗೊತ್ತಿಲ್ದೆ ಹಾಗನ್ನೋದು.

ಜ್ವರ, ಬೇಧಿ ಬಂದ ದಿನ ತಿನ್ನೋಕಾಗ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ಬಿಡ್ಬೇಡಿ, ಹೊಟ್ಟೆ ಖಾಲಿ ಇದ್ರೂ ನಿಧಾನದ ಇನ್ಸುಲಿನ್ ಬೇಕೇ ಬೇಕು, ಎಷ್ಟು ಅಂತ ಫೋನ್ ಮಾಡಿ ಕೇಳಿ. ಮೂತ್ರದ ಕೀಟೋನ್ ಸ್ಟ್ರಿಪ್ ಮನೇಲಿರ್ಲಿ. ವಾಂತಿ ನಿಲ್ತಿಲ್ಲ, ಕೀಟೋನ್ ಬಂದಿದೆ ಅಂದ್ರೆ ಬೆಳಗ್ಗೆವರೆಗೆ ಕಾಯೋದಲ್ಲ, ಆಸ್ಪತ್ರೆಗೆ ಹೊರಡೋದು.

ಬೈತಾರೆ ಅಂದ್ರಲ್ಲ. ನಾನೂ ಹೊಸದ್ರಲ್ಲಿ ಬೈತಿದ್ದೆ. ಒಬ್ರು ಟೈಲರ್, ನಾನು ಎರಡು ಸಲ ರೇಗಿದ್ಮೇಲೆ ಮೂರನೇ ಸಲ ಶುಗರ್ ಬುಕ್ ತಂದ್ರು, ಎಲ್ಲ 110, 120, 130, ಮೂರು ತಿಂಗಳದ್ದು ಒಂದೇ ಪೆನ್ನಲ್ಲಿ, ಒಂದೇ ಓರೆಲಿ, ಹೊರಗೆ ಬೆಂಚ್ ಮೇಲೆ ಕೂತು ಬರ್ದಿದ್ದು. ಮೂರು ತಿಂಗಳ ಶುಗರ್ 11 ಇತ್ತು. ಸುಳ್ಳು ಬರೆಯೋದನ್ನ ಕಲಿಸಿದ್ದು ನಾನೇ. ಈಗ ಇರೋ ಡಾಕ್ಟ್ರು ಬೈತಾರೆ ಅನ್ಸಿದ್ರೆ ಬದಲಾಯಿಸಿ, ಬೆಂಗಳೂರಿಗೆ ಬರೋಕಾದ್ರೆ ಸರ್ಕಾರದ್ದೇ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆ ಇದೆ. ಬುಕ್ಕಲ್ಲಿ 380 ಇದ್ರೆ 380 ಅಂತಲೇ ತನ್ನಿ, ಪಕ್ಕದಲ್ಲಿ ಅವತ್ತು ಯಾವ ಶಿಫ್ಟ್ ಅಂತ ಬರೀರಿ.

ಮಕ್ಕಳಿಗೆ ಬರುತ್ತಾ? ತಾಯಿಗೆ ಟೈಪ್ ಒನ್ ಇದ್ರೆ ನೂರರಲ್ಲಿ ಒಂದರಿಂದ ನಾಲ್ಕು ಮಕ್ಕಳಿಗೆ ಬರೋ ಸಾಧ್ಯತೆ, ಅಂದ್ರೆ ಬರದೇ ಇರೋ ಸಾಧ್ಯತೆನೇ ಬಹಳ ಜಾಸ್ತಿ. ವಿಪರೀತ ಬಾಯಾರಿಕೆ, ರಾತ್ರಿ ಹಾಸಿಗೆ ಒದ್ದೆ, ತೂಕ ಇಳಿಯೋದು, ಇವು ಕಂಡ್ರೆ ಅವತ್ತೇ ಬೆರಳು ಚುಚ್ಚಿ ನೋಡಿ, ಅಲ್ಲಿವರೆಗೆ ಸುಮ್ಮನೆ ಇರಿ.

ಬಟ್ಟೆ ಮೇಲೆ ಚುಚ್ಚೋದು: ಅಭ್ಯಾಸ ಮಾಡ್ಕೊಳ್ಳಿ ಅಂತ ನಾನು ಹೇಳಲ್ಲ, ಜಾಗ ಕಾಣಲ್ಲ, ಗಂಟಿನ ಮೇಲೇ ಬೀಳ್ಬಹುದು, ದಪ್ಪ ಬಟ್ಟೆಲಿ ಪೆನ್ನಿನ 4 ಎಂಎಂ ಸೂಜಿ ಒಳಗೆ ತಲುಪದೇ ಇರಬಹುದು. ಆದ್ರೆ ಊಟದ ಮುಂದೆ ಕೂತಿದೀರ, ಮರೆ ಇಲ್ಲ, ಇಂಜೆಕ್ಷನ್ ಹಾಕದೇ ತಿನ್ನೋದಾ ಅಂತ ಯೋಚ್ನೆ ಮಾಡ್ತಿದೀರ ಅಂದ್ರೆ, ತೆಳು ಬಟ್ಟೆ ಮೇಲೆ ಹಾಕ್ಕೊಳ್ಳೋದೇ ವಾಸಿ. ಡ್ಯೂಟಿ ದಿನಕ್ಕೆ ತೊಡೆನೂ ಸೊಂಟದ ಪಕ್ಕನೂ ಇಟ್ಕೊಳ್ಳಿ, ಡಿಪೋ ರೆಸ್ಟ್ ರೂಮಲ್ಲಿ ಅರ್ಧ ನಿಮಿಷದ ಕೆಲ್ಸ.